ಸೈರನ್ನಿಗೂ ಸೈರನ್ನಿಗೂ ನಡುವೆ ಕರಾಟೆ: ಯುದ್ಧದ ಊರಲ್ಲಿ ಅಭ್ಯಾಸ, ಗ್ರೇಡಿಂಗ್ ಎರಡನ್ನೂ ಉಳಿಸಿಕೊಳ್ಳುವುದು ಹೇಗೆ

ಇಸ್ರೇಲ್‌ನಲ್ಲಿ ಕೇರ್‌ಗಿವರ್ ಕೆಲಸ ಮಾಡುವ ನಮ್ಮ ಉಡುಪಿ, ಮಂಗಳೂರು ಕಡೆಯವರಲ್ಲಿ ಕರಾಟೆ ಕಲಿತು ಬಂದವಳು ನಾನೊಬ್ಬಳೇ ಅಲ್ಲ. ಊರಲ್ಲಿ ಬ್ರೌನ್ ಬೆಲ್ಟ್‌ವರೆಗೆ (ಬ್ಲ್ಯಾಕ್ ಬೆಲ್ಟ್‌ಗೆ ಹಿಂದಿನ ಮೆಟ್ಟಿಲು) ಬಂದು, ಆಮೇಲೆ ವೀಸಾ ಸಿಕ್ಕಿತು ಅಂತ ಹೊರಟು ಬಂದವರು ಬೇರೆಯವರೂ ಇದ್ದಾರೆ. 2025ರ ಜೂನ್‌ನಲ್ಲಿ ಇರಾನ್ ಜೊತೆ ಆ 12 ದಿನದ ಯುದ್ಧ ನಡೆದಾಗ ಅಂಥ ಒಬ್ಬಳು ಕೇಳಿದಳು, "ಅಕ್ಕಾ, ನೀವು ಈಗಲೂ ಪ್ರಾಕ್ಟೀಸ್ ಮಾಡ್ತೀರಾ? ಎಲ್ಲಿ? ಹೇಗೆ?" ಅವಳಿಗೆ ವಾಟ್ಸಾಪ್‌ನಲ್ಲಿ ತುಂಡು ತುಂಡಾಗಿ ಹೇಳಿದ್ದನ್ನೇ ಇಲ್ಲಿ ಕೂತು ಸರಿಯಾಗಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದೆಲ್ಲ ತಲೆ ಮೇಲೆ ಸೂರು, ಓಡಿ ಹೋಗಿ ಸೇರಲು ಒಂದು ಗಟ್ಟಿ ಕೋಣೆ ಇರುವವರಿಗೆ. ಗಡಿಯ ಆಚೆ ಗಾಜಾದಲ್ಲಿ ಇರುವವರಿಗೆ ಅಂಥ ಕೋಣೆಯೂ ಇಲ್ಲ, ಎಚ್ಚರಿಸಲು ಸೈರನ್ನೂ ಇಲ್ಲ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಮೊದಲ ವಾರ ಏನೂ ಮಾಡಬೇಡಿ

ಯುದ್ಧ ಶುರುವಾದ ಕೂಡಲೇ "ನಾನು ಬಿಡೋದಿಲ್ಲ, ದಿನಾ ಒಂದು ಗಂಟೆ ಮಾಡ್ತೇನೆ" ಅಂತ ಹಟ ಹಿಡಿಯಬೇಡಿ. ನಾನು ಹಿಡಿದಿದ್ದೆ. ಮೂರನೇ ದಿನಕ್ಕೆ ಕಾಲು ನಡುಗಲು ಶುರುವಾಯಿತು. ಅದು ವ್ಯಾಯಾಮದಿಂದ ಅಲ್ಲ, ನಿದ್ದೆ ಇಲ್ಲದೆ. ರಾತ್ರಿ ಎರಡು ಮೂರು ಸಲ ಎದ್ದು, ನಾನು ನೋಡಿಕೊಳ್ಳುವ 88 ವರ್ಷದ ಅಜ್ಜಿಯನ್ನು ಹಾಸಿಗೆಯಿಂದ ವೀಲ್‌ಚೇರ್‌ಗೆ, ವೀಲ್‌ಚೇರಿಂದ ಮಮಾದ್ ಒಳಗೆ ಸಾಗಿಸಿದ ಮೈಗೆ ಬೆಳಿಗ್ಗೆ ಮತ್ತೆ ನೂರು ಪಂಚ್ ಯಾಕೆ ಹೇಳಿ? ಆ ಎತ್ತುವುದು, ತಿರುಗಿಸುವುದು, ಇಳಿಸುವುದೇ ಆ ವಾರದ ಕರಾಟೆ. ಮಂಡಿ ಮಡಚಿ, ಸೊಂಟ ಕೆಳಗಿಳಿಸಿ, ಬೆನ್ನು ನೆಟ್ಟಗೆ ಇಟ್ಟು ಎತ್ತಿದರೆ ಸ್ಟಾನ್ಸ್ (ನಿಲುವು) ಅಭ್ಯಾಸವೂ ಆಯಿತು.

ಮಮಾದ್ ಅಂದರೆ ಇಲ್ಲಿಯ ಫ್ಲ್ಯಾಟ್‌ಗಳೊಳಗೆ ಇರುವ ಕಾಂಕ್ರೀಟ್ ರಕ್ಷಣಾ ಕೋಣೆ. 1991ರ ಕೊಲ್ಲಿ ಯುದ್ಧದಲ್ಲಿ ಇರಾಕಿನ ಸ್ಕಡ್ ಕ್ಷಿಪಣಿಗಳು ಬಿದ್ದ ಮೇಲೆ, ಹೊಸದಾಗಿ ಕಟ್ಟುವ ಮನೆಗಳಿಗೆ ಇದು ಕಡ್ಡಾಯವಾಯಿತು. ದಪ್ಪ ಉಕ್ಕಿನ ಬಾಗಿಲು, ಕಿಟಕಿಗೂ ಉಕ್ಕಿನ ಹಲಗೆ. ಹಳೆಯ ಕಟ್ಟಡ ಆದರೆ ಇದಿರುವುದಿಲ್ಲ. ಕೆಳಗಿನ ಸಾಮೂಹಿಕ ಶೆಲ್ಟರ್‌ಗೆ ಓಡಬೇಕು, ಇಲ್ಲವೇ ಮೆಟ್ಟಿಲ ಮನೆಯಲ್ಲಿ ನಿಲ್ಲಬೇಕು.

ಎರಡನೇ ಹೆಜ್ಜೆ: ಸೆಕೆಂಡು ಎಣಿಸಿ, ಆಮೇಲೆ ಜಾಗ ಹುಡುಕಿ

ಎಲ್ಲಿ ಪ್ರಾಕ್ಟೀಸ್ ಮಾಡಬೇಕು ಅನ್ನುವುದನ್ನು ತೀರ್ಮಾನಿಸುವುದು ನೀವಲ್ಲ, ನಿಮ್ಮ ಊರಿನ ಸೆಕೆಂಡುಗಳು. ಸೈರನ್ ಕೂಗಿದ ಮೇಲೆ ಒಳಗೆ ಸೇರಲು ಇರುವ ಸಮಯ ಊರಿಂದ ಊರಿಗೆ ಬೇರೆ. ಗಾಜಾ ಗಡಿ ಹತ್ತಿರದ ಹಳ್ಳಿಗಳಲ್ಲಿ 15 ಸೆಕೆಂಡು, ಅಶ್ಕೆಲೋನ್‌ನಲ್ಲಿ 30, ಟೆಲ್ ಅವೀವ್ ಸುತ್ತಮುತ್ತ 90. ಲೆಬನಾನ್ ಗಡಿಯಲ್ಲಂತೂ ಸಮಯವೇ ಇಲ್ಲ, ಕೇಳಿದ ತಕ್ಷಣ ಒಳಗಿರಬೇಕು. ಇರಾನಿನಿಂದ ಕ್ಷಿಪಣಿ ಬರುವಾಗ ದೂರ ಜಾಸ್ತಿ, ಹಾಗಾಗಿ ಫೋನ್‌ಗೆ ಒಂದು ಮುನ್ಸೂಚನೆ ಮೊದಲೇ ಬರುತ್ತಿತ್ತು. ಸೈರನ್ ಆಮೇಲೆ. ಹೋಮ್ ಫ್ರಂಟ್ ಕಮಾಂಡ್ (ಇಲ್ಲಿಯ ಸೇನೆಯ ನಾಗರಿಕ ರಕ್ಷಣಾ ವಿಭಾಗ) ಆ್ಯಪ್ ಹಾಕಿಕೊಳ್ಳದವರು ಈಗಲೇ ಹಾಕಿಕೊಳ್ಳಿ. ಅವರ ಸಹಾಯವಾಣಿ 104.

ಈಗ ನಿಮ್ಮ ಲೆಕ್ಕ ಮಾಡಿ. ನಮ್ಮದು 90 ಸೆಕೆಂಡಿನ ಊರು. ಅಜ್ಜಿಯನ್ನು ಹಾಸಿಗೆಯಿಂದ ಎಬ್ಬಿಸಿ ಒಳಗೆ ಸೇರಿಸಲು ನನಗೆ ಹಿಡಿಯುವುದು 60ರಿಂದ 70. ಉಳಿದದ್ದು 20ರಿಂದ 30 ಸೆಕೆಂಡು. ಅಂದರೆ ಬಿಲ್ಡಿಂಗ್ ಟೆರೇಸು, ಪಾರ್ಕು, ಪಾರ್ಕಿಂಗು ಎಲ್ಲ ಔಟ್. ಪಕ್ಕದ ಕೋಣೆ ಮಾತ್ರ. ಅವರು ಹೇಗೂ ಮಮಾದ್‌ನಲ್ಲೇ ಮಲಗುವುದಾದರೆ ಲೆಕ್ಕ ಸುಲಭ. ನಾನು ಮೂರನೇ ದಿನದಿಂದ ಅದನ್ನೇ ಮಾಡಿದೆ. ಮೊದಲೇ ಯಾಕೆ ಹೊಳೆಯಲಿಲ್ಲವೋ.

ರಜಾ ದಿನ ಬಂತು, ಆಚೆ ಹೋಗಿ ಸ್ವಲ್ಪ ಓಡಿ ಬರುತ್ತೇನೆ ಅನ್ನುವವರಿಗೆ ಒಂದೇ ಮಾತು. 2022ರ ಮಾರ್ಚ್ 1ರಂದು ಉಕ್ರೇನಿನ ಹಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆಯ ಹುಡುಗ, ಮೆಡಿಕಲ್ ಓದುತ್ತಿದ್ದವನು, ಸಾಮಾನು ತರಲು ಹೋಗಿ ಕ್ಯೂನಲ್ಲಿ ನಿಂತಿದ್ದಾಗ ದಾಳಿಗೆ ಸಿಕ್ಕಿ ತೀರಿಹೋದ. ಊಟದ ಸಾಮಾನಿಗೇ ಆ ಗತಿ ಆಗಬಹುದಾದರೆ, ಜಾಗಿಂಗ್‌ಗೆ ಹೋಗಬೇಕಾ?

ಇನ್ನು ಸಣ್ಣ ಸಣ್ಣ ವಿಷಯಗಳು. ಇವು ಯಾವ ಕ್ಲಾಸಲ್ಲೂ ಹೇಳಿಕೊಡುವುದಿಲ್ಲ. ಕಿವಿಗೆ ಇಯರ್‌ಫೋನ್ ಹಾಕಬೇಡಿ. ಬರಿಗಾಲಲ್ಲಿ ಮಾಡಿ, ಆದರೆ ಗಟ್ಟಿ ಅಡಿಯ ಚಪ್ಪಲಿಯೋ ಶೂವೋ ಕಾಲಿಗೆ ಎಟುಕುವ ಹಾಗೆ ಬಾಗಿಲ ಬಳಿ ಇರಲಿ, ಗಾಜು ಒಡೆದರೆ ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಲಾಗುವುದಿಲ್ಲ. ಯೂನಿಫಾರ್ಮ್ ಬೇಡ, ಯಾವ ಬಟ್ಟೆಯಲ್ಲಿ ಬೀದಿಗೆ ಓಡಬಹುದೋ ಅದೇ ಬಟ್ಟೆ. ಪಾಸ್‌ಪೋರ್ಟ್, ವೀಸಾ ಪ್ರತಿ, ಫೋನ್ ಚಾರ್ಜರ್, ಅಜ್ಜಿಯ ಮಾತ್ರೆ ಇರುವ ಚೀಲ ಕೋಣೆಯಲ್ಲೇ ಇರಲಿ. ಅದರಲ್ಲೇ ನನ್ನ ಬೆಲ್ಟೂ ಇತ್ತು. ಯಾಕೆ ಅಂತ ಕೇಳಬೇಡಿ.

ಒಂಬತ್ತು ಚದರ ಮೀಟರಿನಲ್ಲಿ ಏನು ಮಾಡಬಹುದು

ಮಮಾದ್ ಅಂದರೆ ಸುಮಾರು 9 ಚದರ ಮೀಟರ್. ಅದರಲ್ಲಿ ಒಂದು ಮಂಚ, ವೀಲ್‌ಚೇರ್, ನೀರಿನ ಬಾಟಲಿಗಳ ಕಟ್ಟು, ಇಸ್ತ್ರಿ ಟೇಬಲ್ಲು. ನನಗೆ ಉಳಿದದ್ದು ಗೋಡೆಗೆ ಅಂಟಿಕೊಂಡ ಒಂದು ಉದ್ದನೆಯ ಪಟ್ಟಿ. ಎರಡು ಮೀಟರ್ ಚಿಲ್ಲರೆ ಉದ್ದ, ಮುಕ್ಕಾಲು ಮೀಟರ್ ಅಗಲ. ಒಂದು ಚಾಪೆ ಹಾಸುವಷ್ಟು.

ಅಷ್ಟೇ ಜಾಗಕ್ಕೆ ಹೇಳಿ ಮಾಡಿಸಿದ ಕಟಾ (ಹೆಜ್ಜೆ, ಹೊಡೆತಗಳ ನಿಗದಿತ ಸರಣಿ) ಒಂದಿದೆ: ನೈಹಾಂಚಿ. ಶೋಟೋಕಾನ್ ಶೈಲಿಯವರು ಇದನ್ನು ಟೆಕ್ಕಿ ಅನ್ನುತ್ತಾರೆ. ಶೋರಿನ್ ರ್ಯೂ ಶೈಲಿಯವರಿಗಂತೂ ಇದು ಅಡಿಪಾಯ. ಇದರಲ್ಲಿ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಬಲಕ್ಕೆ, ಎಡಕ್ಕೆ, ಒಂದೇ ಗೆರೆಯ ಮೇಲೆ. ಶೋಟೋಕಾನ್ ಕಟ್ಟಿದ ಫುನಾಕೋಶಿ ಗಿಚಿನ್ ಇದರ ಮೂರು ಕಟಾ ಕಲಿಯಲು ಹತ್ತು ವರ್ಷ ಕಳೆದರಂತೆ. ಊರಲ್ಲಿ ಕ್ಲಾಸಲ್ಲಿ ಇದನ್ನು ಕೇಳಿ ನಾವೆಲ್ಲ ನಕ್ಕಿದ್ದೆವು, ಅದರಲ್ಲಿ ಏನಿದೆ ಮಹಾ, ಏಡಿ ಹಾಗೆ ಅಡ್ಡಡ್ಡ ಹೋಗೋದು ಅಂತ.

ನಾನು ಮಾಡಿದ ಕ್ರಮ ಹೀಗೆ. ಬೆನ್ನು ಗೋಡೆಗೆ. ಹಿಮ್ಮಡಿ ಗೋಡೆಯಿಂದ ಒಂದು ಅಂಗೈ ದೂರ. ಎದುರಿನ ಉಕ್ಕಿನ ಕಿಟಕಿ ಮೇಲೆ, ನಾನು ಸ್ಟಾನ್ಸ್‌ನಲ್ಲಿ ಕೂತಾಗ ಕಣ್ಣಿನ ಮಟ್ಟ ಎಲ್ಲಿ ಬರುತ್ತದೋ ಅಲ್ಲಿ, ಬ್ಯಾಂಡೇಜ್ ಟೇಪಿನ ಒಂದು ಉದ್ದ ಪಟ್ಟಿ ಅಂಟಿಸಿದೆ. ಈಗ ಕಾಲು ಅಡ್ಡ ಹಾಕಿ ಪಕ್ಕಕ್ಕೆ ಸರಿಯುವಾಗ ಆ ಟೇಪು ಕಣ್ಣಿಗೆ ಮೇಲೆ ಕೆಳಗೆ ಕುಣಿದರೆ, ನೀವು ಮೇಲೆ ಎದ್ದು ಕೂತಿರಿ ಅಂತ ಅರ್ಥ. ಹನ್ನೆರಡು ವರ್ಷ ಕರಾಟೆ ಮಾಡಿ, ಪ್ರತಿ ಸಲ ಕಾಲು ಅಡ್ಡ ಹಾಕುವಾಗ ನಾನು ಎರಡು ಬೆರಳಿನಷ್ಟು ಎದ್ದೇಳುತ್ತೇನೆ ಅನ್ನುವುದು ಗೊತ್ತಾಗಿದ್ದು ಆ ಟೇಪಿನಿಂದ. ಹಿಂದೆ ಗೋಡೆ ಇರುವುದರಿಂದ ಇನ್ನೊಂದು ಕಳ್ಳತನವೂ ಸಿಕ್ಕಿಬಿತ್ತು: ಸೊಂಟ ತಿರುಗಿಸುವ ಬದಲು ಅಂಡು ಹಿಂದಕ್ಕೆ ಹೋಗುತ್ತಿತ್ತು, ಹೋದ ತಕ್ಷಣ ಗೋಡೆಗೆ ತಾಗುತ್ತಿತ್ತು.

ಒಂದು ಸಲಕ್ಕೆ ಹೀಗೆ ಮಾಡಿ. ಬರೀ ಕಾಲು, ಕೈ ಸೊಂಟದ ಮೇಲೆ, ಐದು ಸಲ. ಆಮೇಲೆ ಕೈ ಸೇರಿಸಿ ನಿಧಾನವಾಗಿ ಮೂರು ಸಲ. ಕೊನೆಗೆ ಒಂದೇ ಒಂದು ಸಲ ಪೂರ್ತಿ ವೇಗದಲ್ಲಿ. ಅಷ್ಟೇ, ಹದಿನೈದು ನಿಮಿಷ ಮುಗಿಯಿತು. ದೀಪ ಆರಿಸಿ ಒಮ್ಮೆ ಮಾಡಿ ನೋಡಿ, ಕಾಲು ಎಷ್ಟು ಸುಳ್ಳು ಹೇಳುತ್ತದೆ ಗೊತ್ತಾಗುತ್ತದೆ.

ನಿಮ್ಮದು ಗೋಜು ರ್ಯೂ ಶೈಲಿ ಆದರೆ ಸಾಂಚಿನ್ ಕಟಾ ಇದೆ, ಅದಕ್ಕೂ ನಾಲ್ಕು ಹೆಜ್ಜೆ ಜಾಗ ಸಾಕು. ಟೇಕ್ವಾಂಡೋದವರಿಗೆ ಕಷ್ಟ. ಕಿಕ್ ಎತ್ತರಕ್ಕೆ ಹೋಗುವ ಹಾಗಿಲ್ಲ, ಗೋಡೆ ಹಿಡಿದು ಮಂಡಿ ಎತ್ತಿ ನಿಧಾನ ಚಾಚುವುದು, ಹತ್ತು ಎಣಿಸುವವರೆಗೆ ಹಿಡಿಯುವುದು ಇಷ್ಟೇ. ಜೂಡೋದವರು ಬೆಲ್ಟನ್ನು ಮಂಚದ ಕಾಲಿಗೆ ಸುತ್ತಿ ಎಳೆತದ ಅಭ್ಯಾಸ ಮಾಡಬಹುದು, ಮಂಚದ ಮೇಲೆ ಯಾರೂ ಮಲಗಿಲ್ಲದಾಗ.

ಒಂದು ಎಚ್ಚರಿಕೆ, ಇದು ಮುಖ್ಯ. ಬಾಗಿಲು, ಕಿಟಕಿ ಹಾಕಿದ ಮೇಲೆ ಆ ಕೋಣೆಗೆ ಗಾಳಿ ಬರುವುದು ಕಡಿಮೆ. ಒಳಗೆ ಮೂರು ನಾಲ್ಕು ಜನ, ಅದರಲ್ಲಿ ಒಬ್ಬರು ವಯಸ್ಸಾದವರು. ಅಲ್ಲಿ ನೀವು ಬರ್ಪಿ ಹೊಡೆದು ಏದುಸಿರು ಬಿಟ್ಟರೆ ಉಳಿದವರ ಗಾಳಿ ತಿಂದ ಹಾಗೆ. ಅಲರ್ಟ್ ನಡೆಯುತ್ತಿರುವಾಗ ಅಭ್ಯಾಸವೇ ಬೇಡ. ಅಲರ್ಟ್ ಮುಗಿದು ಬಾಗಿಲು ತೆರೆದ ಮೇಲೆ ಮಾಡಿ. ಹೊಡೆಯುವಾಗ ಜೋರಾಗಿ ಕೂಗುವ ಕಿಯಾಯ್ ಬೇಡವೇ ಬೇಡ. ಮಾಡಿದ ಮೂರ್ಖತನ ಹೇಳಿಬಿಡುತ್ತೇನೆ. ಒಂದು ಮಧ್ಯಾಹ್ನ ಅಭ್ಯಾಸಬಲದಿಂದ ಕೂಗಿಬಿಟ್ಟೆ. ಪಕ್ಕದ ಮನೆಯ ಮಗು ಅಳಲು ಶುರು ಮಾಡಿತು, ಅಜ್ಜಿ ಬೆಚ್ಚಿ ಎದ್ದು "ಎಲ್ಲಿ ಬಿತ್ತು?" ಅಂದರು. ಸಂಜೆ ಕೇಕ್ ತೆಗೆದುಕೊಂಡು ಹೋಗಿ ಪಕ್ಕದ ಮನೆಯವರ ಕ್ಷಮೆ ಕೇಳಿ ಬಂದೆ.

ಎಷ್ಟು ಮಾಡಬೇಕು

ಹಿಂದಿನ ರಾತ್ರಿ ಐದು ಗಂಟೆಗಿಂತ ಕಡಿಮೆ ನಿದ್ದೆ ಆಗಿದ್ದರೆ ಅರ್ಧ. ಮೂರು ಗಂಟೆಗಿಂತ ಕಡಿಮೆ ಆದರೆ ಏನೂ ಇಲ್ಲ, ಸುಮ್ನೆ ಮಲಗಿ. ಇದು ಯಾವ ಪುಸ್ತಕದ್ದೂ ಅಲ್ಲ, ನನ್ನ ಮೈ ಕಲಿಸಿದ ಲೆಕ್ಕ.

ಸ್ಪಾರಿಂಗ್ (ಜೊತೆಯವರೊಡನೆ ಕಾದಾಟದ ಅಭ್ಯಾಸ), ಹಲಗೆ ಒಡೆಯುವುದು, ಹೊಸ ಜಂಪ್ ಕಿಕ್, ಸ್ಪ್ಲಿಟ್ ಇವೆಲ್ಲ ಪೂರ್ತಿ ಬಂದ್. ಯುದ್ಧದ ಸಮಯದಲ್ಲಿ ಆಸ್ಪತ್ರೆಗಳಿಗೆ ನಿಮ್ಮ ಉಳುಕಿದ ಮಂಡಿ ನೋಡಲು ಪುರುಸೊತ್ತು ಇರುವುದಿಲ್ಲ. 2025ರ ಜೂನ್ 19ರಂದು ಬೇರ್‌ಶೆಬಾದ ದೊಡ್ಡ ಆಸ್ಪತ್ರೆಗೇ ಕ್ಷಿಪಣಿ ಬಿತ್ತು. ಮತ್ತೆ ನಿಮ್ಮ ಮಂಡಿ ಹೋದರೆ ಅಜ್ಜಿಯನ್ನು ಎತ್ತುವವರು ಯಾರು? ಅವರ ಮಗಳು ಬೇರೆ ಊರಲ್ಲಿ, ಬಸ್ಸು ರೈಲು ನಂಬುವ ಹಾಗಿಲ್ಲ.

ಸ್ಪಾರಿಂಗ್‌ಗೆ ಇಟ್ಟಿದ್ದ ಸಮಯವನ್ನು ಪ್ರಥಮ ಚಿಕಿತ್ಸೆ ಕಲಿಯಲು ಕೊಡಿ. ರಕ್ತ ನಿಲ್ಲಿಸುವ ಬಿಗಿ ಪಟ್ಟಿ ಕಟ್ಟುವುದು, ಗಾಯದ ಮೇಲೆ ಒತ್ತಿ ಹಿಡಿಯುವುದು, ಎದೆ ಒತ್ತುವುದು. ಇಲ್ಲಿ ಆಂಬುಲೆನ್ಸ್ 101. ಹೀಬ್ರೂನಲ್ಲಿ ನಿಮ್ಮ ಬೀದಿ ಹೆಸರು, ಮನೆ ನಂಬರ್, ಮಹಡಿ ತಪ್ಪಿಲ್ಲದೆ ಹೇಳಲು ಬರುತ್ತದಾ, ನೋಡಿಕೊಳ್ಳಿ. ನನಗೆ ಬ್ಲಾಕ್, ಪಂಚ್‌ಗಳ ಜಪಾನಿ ಹೆಸರು ಎಲ್ಲ ಬರುತ್ತಿತ್ತು, "ಮೂರನೇ ಮಹಡಿ" ಅನ್ನಲು ಬರುತ್ತಿರಲಿಲ್ಲ.

ಊರಿನ ಸರ್‌ಗೆ ವಿಡಿಯೊ ಕಳಿಸುವುದು

ಬೇಸಿಗೆಯಲ್ಲಿ ಊರು ನಮಗಿಂತ ಎರಡೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ಮೂರೂವರೆ. ಸಂಜೆ ಕ್ಲಾಸ್ ಮುಗಿಸಿ ಸರ್ ಮನೆಗೆ ಹೋಗಿ ಊಟ ಮಾಡುವ ಹೊತ್ತಿಗೆ ಇಲ್ಲಿ ಅಜ್ಜಿಯ ಸಂಜೆ ಚಹಾ. ಹಾಗಾಗಿ ಲೈವ್ ಕಾಲ್ ಬಿಟ್ಟು ವಿಡಿಯೊ ಕಳಿಸುವುದೇ ಸರಿ.

ವಾರಕ್ಕೆ ಒಂದೇ ವಿಡಿಯೊ, ಒಂದೇ ಕಟಾ, ಒಂದೇ ಪ್ರಶ್ನೆ. ಹತ್ತು ವಿಡಿಯೊ ಕಳಿಸಿ "ಹೇಗಿದೆ ಸರ್?" ಅಂದರೆ ಉತ್ತರ ಒಂದು ಹೆಬ್ಬೆರಳಿನ ಚಿತ್ರ, ಅಷ್ಟೇ ಬರುವುದು. "ಸರ್, ಎರಡನೇ ಹೆಜ್ಜೆಯಲ್ಲಿ ನನ್ನ ಎಡ ಮಂಡಿ ಒಳಗೆ ಬೀಳುತ್ತಿದೆಯಾ?" ಅಂತ ಕೇಳಿ, ಉತ್ತರ ಬರುತ್ತದೆ. ಫೋನನ್ನು ಸೊಂಟದ ಎತ್ತರಕ್ಕೆ ಇಡಿ, ಪಾದದಿಂದ ತಲೆವರೆಗೆ ಕಾಣಬೇಕು. ಮುಂದಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ. ಜಾಗ ಸಾಲದಿದ್ದರೆ ಬಾಗಿಲ ಆಚೆ ಫೋನ್ ಇಟ್ಟು ಒಳಗೆ ನಿಂತು ಮಾಡಿ.

ವಿಡಿಯೊದಲ್ಲಿ ಕಿಟಕಿ ಆಚೆಯ ದೃಶ್ಯ ಬರಬಾರದು. ಕ್ಷಿಪಣಿ ಬಿದ್ದ ಜಾಗ, ಹೊಗೆ, ಗುರುತು ಸಿಗುವ ಕಟ್ಟಡ ಇವನ್ನು ಹಂಚುವುದಕ್ಕೆ ಇಲ್ಲಿ ಮಿಲಿಟರಿ ಸೆನ್ಸಾರ್ ನಿರ್ಬಂಧ ಇದೆ. ವೀಸಾ ಮೇಲೆ ಬಂದಿರುವ ನಮಗೆ ಆ ತಲೆನೋವು ಬೇಕಾ? ಅಜ್ಜಿಯ ಮುಖವೂ ಬರಬಾರದು. ಅವರು ನಮ್ಮ ಮಾಡೆಲ್ ಅಲ್ಲ.

ಬೆಲ್ಟಿನ ವಿಷಯ

ಈಗ ಎಲ್ಲರೂ ಕೇಳುವ ಪ್ರಶ್ನೆ. ಗ್ರೇಡಿಂಗ್, ಅಂದರೆ ಮುಂದಿನ ಬೆಲ್ಟಿನ ಪರೀಕ್ಷೆ, ಏನಾಗುತ್ತದೆ?

ನನ್ನ ಬ್ಲ್ಯಾಕ್ ಬೆಲ್ಟ್ ಪರೀಕ್ಷೆ 2025ರ ಜುಲೈಗೆ ಇತ್ತು. ರಜೆ ಮಂಜೂರಾಗಿತ್ತು, ಟಿಕೆಟ್ ಆಗಿತ್ತು. ಜೂನ್ 13ಕ್ಕೆ ವಿಮಾನ ನಿಲ್ದಾಣ ಬಂದ್. ಟಿಕೆಟ್ ಮಾಡಿಸಿಕೊಟ್ಟ ಏಜೆಂಟರು ಹಣ ಕೊಡಲು ಸತಾಯಿಸಿ ಸತಾಯಿಸಿ ಕೊನೆಗೆ ಅರ್ಧ ಕೊಟ್ಟರು. ಅದೇ ವಾರ, ಎಲ್ಲಿಂದಲೋ ನಂಬರ್ ಹಿಡಿದು ಒಬ್ಬರು ಮೆಸೇಜ್ ಮಾಡಿದರು: ಕಷ್ಟದಲ್ಲಿರುವ ವಿದೇಶಿ ಭಾರತೀಯರಿಗೆ ಆನ್‌ಲೈನ್ ಬ್ಲ್ಯಾಕ್ ಬೆಲ್ಟ್, ಎರಡು ವಿಡಿಯೊ ಸಾಕು, ಸರ್ಟಿಫಿಕೇಟ್ ಕೊರಿಯರ್‌ನಲ್ಲಿ. ನಿಜ ಹೇಳಬೇಕೆಂದರೆ ಒಂದು ರಾತ್ರಿ ಯೋಚಿಸಿದೆ. ಯುದ್ಧದಲ್ಲಿ ಮನುಷ್ಯ ಏನಾದರೂ ಒಂದು ಮುಗಿಯಲಿ ಅಂತ ಬಯಸುತ್ತಾನೆ. ಆಮೇಲೆ ನಂಬರ್ ಬ್ಲಾಕ್ ಮಾಡಿದೆ.

ನೀವು ಮಾಡಬೇಕಾದ್ದು ಇದು. ಪರೀಕ್ಷೆ ತಪ್ಪಿದ ದಿನವೇ ನಿಮ್ಮ ಸರ್‌ಗೆ ಬರೆದು ತಿಳಿಸಿ, ಫೋನಲ್ಲಿ ಹೇಳಿದರೆ ಸಾಲದು. ನಿಮ್ಮ ಈಗಿನ ಗ್ರೇಡಿನ ತಾರೀಖು, ಸರ್ಟಿಫಿಕೇಟ್ ನಂಬರ್, ಯಾಕೆ ಬರಲಾಗಲಿಲ್ಲ, ಇಷ್ಟನ್ನು ಒಂದೇ ಮೆಸೇಜ್‌ನಲ್ಲಿ. ಎಲ್ಲ ಸರ್ಟಿಫಿಕೇಟುಗಳ ಫೋಟೊ ತೆಗೆದು ನಿಮಗೇ ಇಮೇಲ್ ಮಾಡಿಕೊಳ್ಳಿ. ಒಂದು ಡೈರಿ ಇಡಿ: ತಾರೀಖು, ಎಷ್ಟು ನಿಮಿಷ, ಏನು. ನನ್ನದರಲ್ಲಿ ಹಲವು ಸಾಲು "ಇಲ್ಲ" ಅಂತಲೇ ಇವೆ. ಇರಲಿ, ಅದೂ ಲೆಕ್ಕವೇ. ಆ ಡೈರಿಯನ್ನು ಪರೀಕ್ಷೆಯ ದಿನ ತೋರಿಸಬಹುದು, ಕೆಲವು ಸರ್‌ಗಳು ಕೇಳುತ್ತಾರೆ ಕೂಡ.

ಎರಡು ಗ್ರೇಡಿನ ನಡುವೆ ಇಷ್ಟು ಕಾಲ ಕಳೆಯಲೇಬೇಕು ಅಂತ ಹೆಚ್ಚಿನ ಕಡೆ ನಿಯಮ ಇರುತ್ತದೆ. ಟೇಕ್ವಾಂಡೋದ ಕೇಂದ್ರ ಸಂಸ್ಥೆ ಕುಕ್ಕಿವಾನ್‌ನಲ್ಲಿ 1ನೇ ಡಾನ್‌ನಿಂದ (ಬ್ಲ್ಯಾಕ್ ಬೆಲ್ಟ್‌ನ ಮೊದಲ ಹಂತ) 2ಕ್ಕೆ ಕನಿಷ್ಠ 1 ವರ್ಷ, 2ರಿಂದ 3ಕ್ಕೆ 2 ವರ್ಷ. ಅದು ಕನಿಷ್ಠ. ಜಾಸ್ತಿ ಆದರೆ ಯಾರೂ ತಪ್ಪು ಹಿಡಿಯುವುದಿಲ್ಲ. ಸಣ್ಣ ಬೆಲ್ಟುಗಳ ಪರೀಕ್ಷೆಯನ್ನು ವಿಡಿಯೊದಲ್ಲಿ ತೆಗೆದುಕೊಳ್ಳಲು ಕೆಲವರು ಒಪ್ಪುತ್ತಾರೆ, ಅದು ನಿಮ್ಮ ಸ್ವಂತ ಸರ್ ಆದರೆ ಸರಿ. ಬ್ಲ್ಯಾಕ್ ಬೆಲ್ಟ್ ಮಾತ್ರ ಎದುರಿಗೆ ನಿಂತೇ ಆಗಲಿ, ನನ್ನ ಅಭಿಪ್ರಾಯ.

ತಡವಾಯಿತು ಅಂತ ಬೇಜಾರಾದಾಗ ನಾನು ಜಪಾನಿನ ಓಕಿನಾವಾ ದ್ವೀಪದವರನ್ನು ನೆನೆಯುತ್ತೇನೆ. 1945ರ ಏಪ್ರಿಲ್‌ನಿಂದ ಜೂನ್‌ವರೆಗೆ ನಡೆದ ಯುದ್ಧದಲ್ಲಿ ಕರಾಟೆಯ ತವರುಗಳಲ್ಲಿ ಒಂದಾದ ಶುರಿ ಊರು ನೆಲಸಮವಾಯಿತು. ಶೋರಿನ್ ರ್ಯೂನ ಗುರು ಚಿಬಾನಾ ಚೋಶಿನ್ ಮನೆಮಂದಿ, ಡೋಜೋ (ಅಭ್ಯಾಸದ ಶಾಲೆ), ಬದುಕು ಎಲ್ಲ ಕಳೆದುಕೊಂಡರು. ಗೋಜು ರ್ಯೂನ ಮಿಯಾಗಿ ಚೋಜುನ್ ಅವರ ಮುಖ್ಯ ಶಿಷ್ಯ ಶಿಂಜಾತೊ ಜಿನಾನ್ ಆ ಯುದ್ಧದಲ್ಲೇ ಸತ್ತರು. ಜಪಾನಿನಲ್ಲಿ ಸಮರಕಲೆಗಳಿಗೆ ಪಟ್ಟ ಕೊಡುತ್ತಿದ್ದ ದೊಡ್ಡ ಸಂಸ್ಥೆ ಬುತೊಕುಕಾಯ್ 1946ರಲ್ಲಿ ಮುಚ್ಚಿಹೋಯಿತು. ಪಟ್ಟ ಕೊಟ್ಟವರೇ ಇಲ್ಲ! ಚಿಬಾನಾ ಮತ್ತೆ ಶುರಿಯಲ್ಲೇ ಕಲಿಸಲು ಶುರು ಮಾಡಿದರು. ನಮ್ಮ ನೈಹಾಂಚಿ ಅವರ ಕೈ ದಾಟಿ ಬಂದದ್ದು.

ಇನ್ನೊಂದು ಕಡೆ ಉಕ್ರೇನಿನ ಸ್ತಾನಿಸ್ಲಾವ್ ಹೊರುನಾ. ಟೋಕಿಯೋ ಒಲಿಂಪಿಕ್ಸ್ ಕರಾಟೆಯ ಕಂಚು ಗೆದ್ದವರು. 2022ರಲ್ಲಿ ಸೇನೆ ಸೇರಿದರು, ಆ ಪದಕವನ್ನೇ ಹರಾಜು ಹಾಕಿ ಹಣವನ್ನು ಸೇನೆಗೆ ಕೊಟ್ಟರು, ಅದೇ ವರ್ಷ ವರ್ಲ್ಡ್ ಗೇಮ್ಸ್‌ನಲ್ಲಿ ಮತ್ತೆ ಕಣಕ್ಕಿಳಿದರು. ನಾವು ಅಷ್ಟು ದೊಡ್ಡವರಲ್ಲ, ನಮ್ಮಿಂದ ಯಾರೂ ಅದನ್ನು ಕೇಳುವುದೂ ಇಲ್ಲ.

ಮಕ್ಕಳು ಕೇಳಿದರೆ

ಶೆಲ್ಟರಿನಲ್ಲಿ ನೀವು ಕೈ ಆಡಿಸುವುದು ಕಂಡರೆ ಮಕ್ಕಳು ಬಂದೇ ಬರುತ್ತಾರೆ. ಹೊಡೆಯುವುದನ್ನು ಕಲಿಸಬೇಡಿ. ಒಂಟಿ ಕಾಲಲ್ಲಿ ನಿಲ್ಲುವ ಆಟ, ಸದ್ದಿಲ್ಲದೆ ಹೆಜ್ಜೆ ಇಡುವ ಆಟ, ಮೂಗಿನಲ್ಲಿ ಉಸಿರು ಎಳೆದು ನಾಲ್ಕು ಎಣಿಸುವ ಆಟ ಸಾಕು. ಅಪ್ಪ ಅಮ್ಮನನ್ನು ಒಮ್ಮೆ ಕೇಳಿ ಆಮೇಲೆ ಶುರು ಮಾಡಿ. ನಾನು ಒಂದರಿಂದ ಹತ್ತು ಕನ್ನಡದಲ್ಲಿ ಎಣಿಸಿದೆ. ಮೂರನೇ ದಿನ ಆರು ವರ್ಷದ ಹುಡುಗ "ಒಂದು, ಎಯಡು, ಮೂಯು" ಅನ್ನುತ್ತಿದ್ದ.

ಕದನ ನಿಂತ ಮೇಲೆ

ಜೂನ್ 24ಕ್ಕೆ ಕದನ ವಿರಾಮ ಬಂತು. ಮರುದಿನವೇ ಡೋಜೋಗೆ ಓಡಬೇಡಿ. ಎರಡು ವಾರ ಬರೀ ಬೇಸಿಕ್. ಕಾಲಿನ ಸ್ನಾಯುಗಳು ಗಟ್ಟಿಯಾಗಿರುತ್ತವೆ, ಉಸಿರು ಕಡಿಮೆ ಆಗಿರುತ್ತದೆ. ಅದಕ್ಕಿಂತ ಹೆಚ್ಚಾಗಿ ಕಿವಿ ಕೆಟ್ಟಿರುತ್ತದೆ. ಸ್ಕೂಟರ್ ಒಂದು ದೂರದಲ್ಲಿ ಗೇರ್ ಏರಿಸಿದರೆ ಸೈರನ್ ಶುರುವಾದ ಹಾಗೆ ಕೇಳುತ್ತದೆ, ಎದೆ ಧಸಕ್ ಅನ್ನುತ್ತದೆ. ಈ ಸ್ಥಿತಿಯಲ್ಲಿ ಸ್ಪಾರಿಂಗ್‌ಗೆ ನಿಂತರೆ ಎದುರಿನವರ ಕಿಯಾಯ್‌ಗೆ ಕೈ ತಾನಾಗಿ ಜೋರಾಗಿ ಹೋಗುತ್ತದೆ, ಯಾರಿಗಾದರೂ ಪೆಟ್ಟಾಗುತ್ತದೆ. ಜೊತೆಯವರಿಗೆ ಮೊದಲೇ ಹೇಳಿ, "ನನಗೆ ಇನ್ನೂ ಸದ್ದಿಗೆ ಬೆಚ್ಚುತ್ತದೆ, ನಿಧಾನ" ಅಂತ. ತಿಂಗಳಾದರೂ ನಿದ್ದೆ ಬರದಿದ್ದರೆ ಡಾಕ್ಟರ ಬಳಿ ಹೋಗಿ, ಇದಕ್ಕೆ ಕಟಾ ಮದ್ದಲ್ಲ.

ನನ್ನ ಪರೀಕ್ಷೆ ಇನ್ನೂ ಆಗಿಲ್ಲ. ಮುಂದಿನ ರಜೆಗೆ ಸರ್ ತಾರೀಖು ಕೊಟ್ಟಿದ್ದಾರೆ, ಈ ಸಲ ಟಿಕೆಟ್ ನಾನೇ ಮಾಡಿದ್ದೇನೆ, ಹಣ ವಾಪಸ್ ಬರುವಂಥದ್ದು. ಕಿಟಕಿ ಮೇಲಿನ ಟೇಪು ಹಾಗೇ ಇದೆ. ಅಜ್ಜಿಯ ಮಗಳು ತೆಗೆಯಲು ಹೋದಾಗ ಅಜ್ಜಿಯೇ ಬೇಡ ಅಂದರು.